ಯಾರ ಫೋನಲ್ಲಿ ಬಂತು?

ಮೊನ್ನೆ ಬೆಳಿಗ್ಗೆ ನಮ್ಮ ಅಡುಗೆಮನೆಯಿಂದ ಸುಟ್ಟ ವಾಸನೆ ಬಂತು. ಒಗ್ಗರಣೆ ಸೀದ ವಾಸನೆಯಲ್ಲ, ಹಾಲು ಉಕ್ಕಿದ ವಾಸನೆಯೂ ಅಲ್ಲ. ಮಿಕ್ಸಿಯ ಮೋಟರು ಬಿಸಿಯಾಗಿ ಒಳಗಿನ ತಂತಿ ಕಮರುವಾಗ ಬರುತ್ತದಲ್ಲ, ಆ ವಾಸನೆ. ಹೆಂಡತಿ ಚಟ್ನಿಗೆಂದು ಗಟ್ಟಿ ಕೊಬ್ಬರಿ ತುಂಬಿ ಒಂದೇ ಸಮನೆ ತಿರುಗಿಸಿದ್ದಳು.

"ಹೋಯ್ತು ಅನ್ಸುತ್ತೆ ರೀ ಇದು. ಹೊಸದು ತಗೊಂಡ್ಬಿಡೋಣ" ಎಂದಳು.

ಹೊಸದು ಎನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಎಲ್ಲಿದ್ದರೂ ಎಚ್ಚರವಾಗುತ್ತದೆ. ಎದ್ದು ಹೋಗಿ ಪ್ಲಗ್ ಕಿತ್ತೆ, ಜಾರ್ ಇಳಿಸಿದೆ, ಮಿಕ್ಸಿಯನ್ನು ಮಗ್ಗುಲಿಗೆ ಮಲಗಿಸಿ ಅದರ ಅಡಿ ನೋಡಿದೆ. ಕೆಂಪು ಗುಂಡಿ ಹೊರಗೆ ಬಂದಿತ್ತು.

"ಒಂದು ಲೋಟ ಕಾಫಿ ಕೊಡು" ಎಂದೆ.

"ಸುಟ್ಟಿರೋದು ಮಿಕ್ಸಿ. ಕಾಫಿ ನಿಮಗಾ?"

ಕಾಫಿ ಬಂತು. ನಿಧಾನವಾಗಿ ಕುಡಿದೆ. ಲೋಟ ಕೆಳಗಿಟ್ಟು ಗುಂಡಿ ಒಳಗೊತ್ತಿದೆ, ಪ್ಲಗ್ ಹಾಕಿದೆ. ಮಿಕ್ಸಿ ಏನೂ ಆಗಿಲ್ಲವೆಂಬಂತೆ ತಿರುಗಿತು. ಹೆಂಡತಿ ನನ್ನ ಕಡೆ ನೋಡಿದ ನೋಟದಲ್ಲಿ ಮೆಚ್ಚುಗೆ ಇತ್ತು, ಹೊಸದು ಕೈತಪ್ಪಿದ ಬೇಸರವೂ ಇತ್ತು.

ಈ ಕಾಫಿಯ ಉಪಾಯ ನನ್ನದಲ್ಲ. ಟೈಪಿಂಗ್ ಮೇಡಂ ಅವರದ್ದು. ಆ ವಾಸನೆಯ ಜೊತೆಗೇ ಅವರೂ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ ಹಾಗಾಯಿತು... ಹೆಗಲಿಗೆ ಕಂದು ಬಣ್ಣದ ಚೀಲ, ಮೂಗಿನ ತುದಿಗೆ ಜಾರಿದ ಕನ್ನಡಕ.

ಚಾಮರಾಜಪೇಟೆಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿಯಲ್ಲಿ ಅವರ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕೆಳಗಿನ ಪ್ರೆಸ್ಸಿಗೆ ನಾನು ಕರಪತ್ರದ ಆರ್ಡರ್ ಹಿಡಿದು ತರುತ್ತಿದ್ದೆ. ಪ್ರೆಸ್ಸಿನವರ ಹತ್ತಿರ ದರ ಇಳಿಸುವುದು, ಅಂಗಡಿಯವರ ಹತ್ತಿರ ದರ ಏರಿಸುವುದು, ನಡುವೆ ಉಳಿದದ್ದರಲ್ಲಿ ಬದುಕುವುದು. ಓದು ತಲೆಗೆ ಹತ್ತಿರಲಿಲ್ಲ, ಮಾತು ಮಾತ್ರ ಚೆನ್ನಾಗಿತ್ತು. ಒಂದು ದಿನ ಮೇಡಂ ಮೆಟ್ಟಿಲ ಮೇಲಿಂದಲೇ ಕೂಗಿದರು: "ಏನಪ್ಪಾ ಕರಪತ್ರ, ಬಾಯಿ ಇಷ್ಟು ದುಡಿಯುತ್ತೆ, ಕೈಗೂ ಒಂದು ಕೆಲಸ ಕಲಿಸಬಾರದಾ?"

ಹತ್ತಿ ಹೋದೆ. ಫೀಸು ಕೇಳಿ ಚೌಕಾಸಿಗೆ ನಿಂತೆ. ಆಶ್ಚರ್ಯವೆಂದರೆ, ಅರ್ಧಕ್ಕೆ ತಕರಾರಿಲ್ಲದೆ ಒಪ್ಪಿದರು. ಗೆದ್ದೆ ಎಂದುಕೊಂಡು ಮೆಷಿನ್ ಮುಂದೆ ಕೂತರೆ, ತಿಂಗಳಾದರೂ ಎಡಗೈ ಬೆರಳುಗಳ ಪಾಠವೇ ಮುಗಿಯುತ್ತಿಲ್ಲ. ಕೇಳಿದೆ. "ಅರ್ಧ ಫೀಸಿಗೆ ಅರ್ಧ ಕೀಬೋರ್ಡು. ಬಲಗೈ ಬೇಕಾದ್ರೆ ಮಿಕ್ಕಿದ್ದು ತಗೊಂಬಾ" ಎಂದರು. ಜೀವನದಲ್ಲಿ ಚೌಕಾಸಿಯಲ್ಲಿ ನಾನು ನೆಲ ಕಚ್ಚಿದ್ದು ಅಲ್ಲೇ. ಅವತ್ತಿನಿಂದ ಅವರ ಮೇಲೆ ಗೌರವ ಬಂತು.

ಅವರ ಪಾಠದಲ್ಲಿ ಒಂದು ಪದ್ಧತಿ ಇತ್ತು. ಬೆರಳುಗಳು ಕೀಗಳ ಮೇಲೆ ಕೂತ ಕೂಡಲೇ ನಮ್ಮ ಎರಡೂ ಕೈಗಳ ಮೇಲೆ ಒಂದು ಬಿಳಿ ಟವೆಲ್ ಹೊದಿಸಿಬಿಡುತ್ತಿದ್ದರು. "ನಿನ್ನ ಕೈ ನೀನೇ ನೋಡ್ಕೊಂಡು ಕೂತ್ರೆ ಎಲ್ಲಾ ಸರಿಯಾಗೇ ಕಾಣುತ್ತೆ ಕಣಪ್ಪಾ. ಹಾಳೆ ನೋಡು" ಎನ್ನುತ್ತಿದ್ದರು. ಆ ಟವೆಲ್ಲಿಗೆ ಯಾವಾಗಲೂ ಮೆಷಿನ್ ಎಣ್ಣೆಯ ವಾಸನೆ.

ಟೈಪ್‌ರೈಟರುಗಳು ಹೋದವು, ಕಂಪ್ಯೂಟರುಗಳು ಬಂದವು. ಮೇಡಂ ಬಗ್ಗಲಿಲ್ಲ. ಮೆಷಿನ್‌ಗಳನ್ನು ಗುಜರಿಗೆ ಹಾಕುವಾಗ ಗುಜರಿಯವನ ಜೊತೆ ಮಧ್ಯಾಹ್ನವೆಲ್ಲ ಜಗಳವಾಡಿ ಒಳ್ಳೆಯ ಬೆಲೆಗೇ ಮಾರಿದರು. ಆಮೇಲೆ ವೆಬ್‌ಸೈಟುಗಳಿಗೆ ಪುಟಗಟ್ಟಲೆ ಬರೆದುಕೊಡುವ ಕೆಲಸ ಹಿಡಿದರು. ಕೆಲಸ ಕೊಟ್ಟವರು ಹೇಳುತ್ತಿದ್ದದ್ದು ಒಂದೇ: ಈ ಮಾತು ಪುಟದಲ್ಲಿ ಮತ್ತೆ ಮತ್ತೆ ಬರಬೇಕು. ಯಾಕೆ ಎಂದು ಕೇಳಿದರು, ಕೇಳುತ್ತಾ ಕೇಳುತ್ತಾ ಇಡೀ ಕಸುಬನ್ನೇ ಕಲಿತರು. ಸರ್ಚಿನಲ್ಲಿ ಯಾರಾದರೂ ಏನಾದರೂ ಹುಡುಕಿದಾಗ ನಮ್ಮ ಗಿರಾಕಿಯ ಅಂಗಡಿ ಮೇಲೆ ಕಾಣುವಂತೆ ಮಾಡುವುದು. ಎಸ್‌ಇಒ ಎನ್ನುತ್ತಾರೆ. ಕರಪತ್ರದ ಕಾಲ ಮುಗಿಯುತ್ತಿದ್ದ ಹಾಗೆ ನಾನೂ ಅದಕ್ಕೇ ಬಿದ್ದೆ. ಅವರ ಮಹಡಿಯಲ್ಲೇ ಒಂದು ಮೇಜು ಬಾಡಿಗೆಗೆ ಹಿಡಿದೆ. ಬಾಡಿಗೆಯಲ್ಲಿ ಚೌಕಾಸಿ ಮಾಡಲಿಲ್ಲ. ಅರ್ಧ ಮೇಜು ಕೊಟ್ಟುಬಿಟ್ಟರೆ ಎಂಬ ಭಯ.

ಮೇಡಂ ಸತ್ಯವಂತರು, ನಾವೆಲ್ಲ ಕಳ್ಳರು ಎಂದೇನೂ ಅಲ್ಲ. ಒಂದು ಕಾಲಕ್ಕೆ ಮಾತು ತುರುಕುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಒಂದು ಕಲ್ಯಾಣ ಮಂಟಪಕ್ಕೆ ಅವರು ಬರೆದ ಸಾಲು ನನಗಿನ್ನೂ ಬಾಯಿಪಾಠ: 'ಕಲ್ಯಾಣ ಮಂಟಪ ಹುಡುಕುತ್ತಿರುವವರಿಗೆ ಕಲ್ಯಾಣ ಮಂಟಪಗಳಲ್ಲೇ ಉತ್ತಮವಾದ ಕಲ್ಯಾಣ ಮಂಟಪ ನಮ್ಮ ಕಲ್ಯಾಣ ಮಂಟಪ.' ಕೆಲವು ಮುಹೂರ್ತಗಳ ಕಾಲ ಅದು ಮೇಲೇ ಇತ್ತು. ಆಮೇಲೆ ಸರ್ಚಿನವರು ಲೆಕ್ಕ ಬದಲಾಯಿಸಿದರು, ಆ ಪುಟ ಎಲ್ಲಿ ಹೋಯಿತೆಂದು ಮಂಟಪದವರಿಗೇ ಹುಡುಕಿದರೂ ಸಿಗಲಿಲ್ಲ. ಮೇಡಂ ನಕ್ಕು, "ಊಟ ಆದ್ಮೇಲೆ ಎಲೆ ಎತ್ತಲೇಬೇಕಲ್ಲಪ್ಪಾ" ಎಂದು ಮುಂದಿನ ಕೆಲಸಕ್ಕೆ ಹೋದರು.

ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ಒಂದು ನಿಂತು ತಿನ್ನುವ ಹೋಟೆಲಿನಲ್ಲಿ ನಮ್ಮ ಕಸುಬಿನವರು ಸೇರುತ್ತಿದ್ದೆವು. ಪಕ್ಕದಲ್ಲಿ ಹೂವಿನವರ ಗಲಾಟೆ, ಮೇಜಿನ ಮೇಲೆ ಇಡ್ಲಿ, ಬಾಯಲ್ಲಿ ಜಗಳ. ಲಿಂಕ್ ಕೊಳ್ಳಬಹುದೋ ಬಾರದೋ, ಅಂಗಡಿ ಹೆಸರಿಗೆ ಬಡಾವಣೆಗಳ ಹೆಸರೆಲ್ಲ ಅಂಟಿಸುವುದು ಜಾಣತನವೋ ಮೋಸವೋ, ಬರೆಯಬೇಕಾದ್ದು ಯಂತ್ರಕ್ಕೋ ಮನುಷ್ಯರಿಗೋ. ಕೂಟಕ್ಕೆ ಒಂದು ಕಟ್ಟಳೆಯಿತ್ತು: ತನ್ನ ಗಿರಾಕಿ ಮೊದಲನೇ ಸ್ಥಾನಕ್ಕೆ ಬಂತು ಎಂದು ಯಾರು ಹೇಳಿಕೊಳ್ಳುತ್ತಾರೋ ಅವರು ಎಲ್ಲರಿಗೂ ಕೇಸರಿಬಾತ್ ಕೊಡಿಸಬೇಕು. ಜಂಬಕ್ಕೆ ಹಾಕಿದ ತೆರಿಗೆ ಅದು.

ಮೇಡಂಗೆ ಅಲ್ಲಿ ಒಬ್ಬ ಕಾಯಂ ಎದುರಾಳಿ. ಗಾಂಧಿನಗರದವರು. ಮೊದಲು ಸಿನಿಮಾ ಪೋಸ್ಟರುಗಳನ್ನು ಊರಿನ ಗೋಡೆಗಳಿಗೆ ಅಂಟಿಸುವ ಕಂಟ್ರಾಕ್ಟು ಮಾಡಿಸುತ್ತಿದ್ದವರು, ಈಗ ಬೇರೆ ಬೇರೆ ವೆಬ್‌ಸೈಟುಗಳಲ್ಲಿ ಗಿರಾಕಿಯ ಲಿಂಕ್ ಹಾಕಿಸುತ್ತಿದ್ದರು. ನಾವು ಪೋಸ್ಟರ್ ಅಣ್ಣ ಎನ್ನುತ್ತಿದ್ದೆವು. ಅವರ ವಾದ ಸರಳ: "ಮೇಡಂ, ಸಿನಿಮಾ ಹೆಂಗಾದ್ರೂ ಇರ್ಲಿ. ಗೋಡೆ ಗೋಡೆ ಮೇಲೂ ಮುಖ ಕಂಡ್ರೆ ಜನ ಟಿಕೆಟ್ ತಗೊಳ್ತಾರೆ. ಲಿಂಕೂ ಅಷ್ಟೇ."

"ಮೊದಲನೇ ಆಟಕ್ಕೆ ತಗೊಳ್ತಾರೆ. ಎರಡನೇ ಆಟಕ್ಕೆ?" ಎನ್ನುತ್ತಿದ್ದರು ಮೇಡಂ.

"ಎರಡನೇ ಆಟದ ಹೊತ್ತಿಗೆ ನಾನು ಬೇರೆ ಸಿನಿಮಾ ಅಂಟಿಸ್ತಿರ್ತೀನಿ ಬಿಡಿ."

ಹೀಗಿರುವಾಗ ಮಿಕ್ಸಿ ರಿಪೇರಿಯವರು ಬಂದರು. ಗಂಡ ಹೆಂಡತಿ ಇಬ್ಬರೂ ಸೇರಿ ನಡೆಸುತ್ತಿದ್ದ ಅಂಗಡಿ. ಗಂಡ ಬಿಚ್ಚಿ ಜೋಡಿಸುವವರು, ಹೆಂಡತಿ ಸುಟ್ಟ ಮೋಟರಿನ ತಂತಿ ಬಿಚ್ಚಿ ಹೊಸ ತಂತಿ ಸುತ್ತುವವರು. ಚಾಮರಾಜಪೇಟೆಯ ದೊಡ್ಡ ರಸ್ತೆಯಲ್ಲಿ ವರ್ಷಾನುಗಟ್ಟಲೆ ಇದ್ದ ಅಂಗಡಿಯ ಕಟ್ಟಡವನ್ನು ಮಾಲೀಕರು ಕೆಡವಲು ಹೊರಟರು. ಸಿಕ್ಕಿದ್ದು ಹಿಂದಿನ ಓಣಿಯಲ್ಲಿ, ಹಿಟ್ಟಿನ ಗಿರಣಿಯ ಹಿಂಬದಿಯಲ್ಲಿ ಒಂದು ಕೋಣೆ. ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವ ಸಾಧ್ಯತೆಯೇ ಇಲ್ಲ. ಗಿರಾಕಿಗಳು ಬರುವುದು ನಿಂತಿತು. ಇದರ ನಡುವೆ ಒಂದು ಶೋರೂಮಿನವರು ಗಂಡನಿಗೆ ಸರ್ವಿಸ್ ವಿಭಾಗದಲ್ಲಿ ಕೆಲಸ ಕೊಡುತ್ತೇವೆಂದರು. ಅಲ್ಲಿ ಮೋಟರಿಗೆ ತಂತಿ ಸುತ್ತುವುದಿಲ್ಲ, ಕೆಟ್ಟದ್ದನ್ನು ತೆಗೆದು ಹೊಸದು ಹಾಕುತ್ತಾರೆ. ಅಂದರೆ ಹೆಂಡತಿಗೆ ಕೆಲಸವಿಲ್ಲ.

"ದೀಪಾವಳಿವರೆಗೂ ನೋಡ್ತೀವಿ. ಆಮೇಲೆ ಇವ್ರು ಅಲ್ಲಿಗೆ, ನಾನು ಮನೆಗೆ" ಎಂದರು ಆಕೆ. ಹೇಳುವಾಗ ಬೆರಳುಗಳು ಸೆರಗಿನ ಅಂಚನ್ನು ಸುತ್ತುತ್ತಲೇ ಇದ್ದವು, ಅಲ್ಲೂ ತಂತಿ ಇದ್ದ ಹಾಗೆ.

ಫೀಸಿನ ಮಾತಿಗೆ ನಾನು ಕೂತೆ. ಆಕೆ ನನಗಿಂತ ಗಟ್ಟಿ. ಕೊನೆಗೆ ಸ್ವಲ್ಪ ಹಣ, ಉಳಿದದ್ದಕ್ಕೆ ನನ್ನ ಮನೆಯ ಮಿಕ್ಸಿ ಗ್ರೈಂಡರುಗಳಿಗೆ ಆಯುಷ್ಯವಿಡೀ ಉಚಿತ ರಿಪೇರಿ ಎಂದು ಇತ್ಯರ್ಥವಾಯಿತು. ಮೇಡಂ ತಮಗೆ ಅದೂ ಬೇಡವೆಂದರು. ಅವರ ಮನೆಯಲ್ಲಿ ಮಿಕ್ಸಿಯೇ ಇರಲಿಲ್ಲ. ಚಟ್ನಿ, ಸಾಂಬಾರು ಎಲ್ಲ ಹೋಟೆಲಿನಿಂದ. ಒಲೆ ಹಚ್ಚುತ್ತಿದ್ದದ್ದು ಕಾಫಿಗೆ ಮಾತ್ರ.

ನಾವು ಮೂವರೂ ಕೈಜೋಡಿಸಿದೆವು. ಮೇಡಂ ಪುಟ ಬರೆದರು, ನಾನು ಅಂಗಡಿಯನ್ನು ಫೋನಿನ ನಕಾಶೆಗೆ ಸೇರಿಸಿದೆ, ಪೋಸ್ಟರ್ ಅಣ್ಣ ತಮ್ಮ ಗೋಡೆಗಳಿಗೆ ಲಿಂಕ್ ಅಂಟಿಸಿದರು. ದಿನಾ ಏಳುವುದೇ ತಡ, ನೋಡುವುದು: ಬಂತಾ? ಊಟಕ್ಕೆ ಮುಂಚೆ ಒಂದು ಸಲ, ಊಟವಾದ ಮೇಲೆ ಒಂದು ಸಲ. ಕಂಡ ಕೂಡಲೇ ಪ್ರೀತಿಯಿಂದ ಅದರ ಮೇಲೆ ಒತ್ತುವುದು.

ಒಂದು ಭಾನುವಾರ ಮೇಡಂ ಹೋಟೆಲಿನ ಮೇಜಿನ ಮೇಲೆ ಫೋನ್ ಇಟ್ಟು, "ನೋಡ್ರಪ್ಪಾ" ಎಂದರು. ಬೆಂಗಳೂರಿನಲ್ಲಿ ಅತ್ಯುತ್ತಮ ಮಿಕ್ಸಿ ರಿಪೇರಿ ಎಂದು ಹುಡುಕಿದರೆ ನಮ್ಮ ಗಿರಣಿ ಹಿಂಬದಿಯ ಕೋಣೆಯೇ ಎಲ್ಲಕ್ಕಿಂತ ಮೇಲೆ. ನಾವೂ ಫೋನ್ ತೆಗೆದೆವು. ನನ್ನದರಲ್ಲೂ ಮೊದಲು. ಪೋಸ್ಟರ್ ಅಣ್ಣನದರಲ್ಲೂ ಮೊದಲು. "ಗೋಡೆ ಕೆಲಸ ಮೇಡಂ, ಗೋಡೆ ಕೆಲಸ" ಎಂದು ಅವರು ಎದೆ ತಟ್ಟಿಕೊಂಡರು. ಮೇಡಂ ಎಲ್ಲರಿಗೂ ಕೇಸರಿಬಾತ್ ಕೊಡಿಸಿದರು, ತಾವು ಎರಡು ತಿಂದರು.

ಅದೇ ಹುಮ್ಮಸ್ಸಿನಲ್ಲಿ ಒಂದು ಪೊಟ್ಟಣ ಕಟ್ಟಿಸಿಕೊಂಡು ಅಂಗಡಿಗೇ ಹೋದೆವು. ಗಂಡ ಒಂದು ಖಾಲಿ ಜಾರನ್ನು ಒರೆಸುತ್ತಾ ಕೂತಿದ್ದರು. ಹೆಂಡತಿ ಪೊಟ್ಟಣ ಬಿಚ್ಚಿ ನೋಡಿ, "ಯಾವ ಸಂತೋಷಕ್ಕೆ?" ಎಂದರು.

"ಮೊದಲನೇ ಸ್ಥಾನ ಬಂತಮ್ಮಾ" ಎಂದರು ಮೇಡಂ.

"ಯಾರ ಫೋನಲ್ಲಿ?"

ಮೇಡಂ ತಮ್ಮ ಫೋನ್ ಮುಂದೆ ಹಿಡಿದರು. ಆಕೆ ಅದನ್ನು ನೋಡಲೂ ಇಲ್ಲ. "ಯಶವಂತಪುರದಲ್ಲಿ ನಮ್ಮಕ್ಕ ಇದಾಳೆ. ನಿನ್ನೆ ಅವಳಿಗೆ ಹುಡುಕು ಅಂದೆ. ಪಟ್ಟಿ ಪೂರ್ತಿ ಕೆಳಗಿಳಿಸಿದ್ರೂ ನಾವಿಲ್ಲ. ಇಲ್ಲಿ ಫೋನೂ ಬಡ್ಕೊಂಡಿಲ್ಲ. ನಿಮ್ಮ ಫೋನಲ್ಲಿ ಬಂದ್ರೆ ನಿಮ್ಮನೆ ಮಿಕ್ಸಿ ಬರ್ಬೇಕು ಅಷ್ಟೆ. ನಿಮಗೆ ಅದೂ ಇಲ್ಲ."

ಮೇಡಂ ಮುಖ ನೋಡಬೇಕಿತ್ತು. ಸಮಾಚಾರ ಇಷ್ಟೇ. ನಾವು ಅದೇ ಅಂಗಡಿಯನ್ನು ಹುಡುಕಿ ಹುಡುಕಿ, ಅದನ್ನೇ ಒತ್ತಿ ಒತ್ತಿ, ನಮ್ಮ ಫೋನುಗಳಿಗೆ ನಮ್ಮ ರುಚಿ ಕಲಿಸಿಬಿಟ್ಟಿದ್ದೆವು. ನಮಗೆ ಏನು ಬೇಕೋ ಅದನ್ನೇ ಬಡಿಸುತ್ತಿದ್ದವು. ಸಾಲದ್ದಕ್ಕೆ ನಾವು ಓಡಾಡುತ್ತಿದ್ದದ್ದೆಲ್ಲ ಆ ಅಂಗಡಿಯ ಆಸುಪಾಸಿನಲ್ಲೇ, ಹತ್ತಿರದ್ದನ್ನು ಮೊದಲು ತೋರಿಸುವುದು ಸರ್ಚಿನ ಸ್ವಭಾವ. ಬೇರೆ ಯಾವ ಕಸುಬಿನವರೂ ಮಾಡಲಾರದ ತಪ್ಪು ಇದು. ನಮ್ಮ ಕನ್ನಡಿಯಲ್ಲಿ ನಮ್ಮ ಮುಖ ನೋಡಿಕೊಂಡು ಊರಿಗೆಲ್ಲ ಕೇಸರಿಬಾತ್ ಹಂಚಿದ್ದೆವು.

ಮೇಡಂ ಓಣಿಯಿಂದ ಹೊರಗೆ ನಡೆದರು. ಆಮೇಲೆ ನಿಂತು, ಫೋನನ್ನು ಚೀಲದೊಳಗೆ ಹಾಕಿ, ಜಿಪ್ ಎಳೆದರು. "ಟವೆಲ್ ಹೊದಿಸೋದನ್ನ ಮರೆತಿದ್ದೆ ನೋಡು" ಎಂದರು. "ನಡಿ, ಬಸ್ ಹತ್ತೋಣ."

ಎಲ್ಲಿಗೆ ಎಂದು ಕೇಳಿದರೆ, "ಯಾರಿಗೂ ನಮ್ಮ ಗುರ್ತು ಇಲ್ದಿರೋ ಕಡೆ."

ಅಲ್ಲಿಂದ ಶುರುವಾಯಿತು ನಮ್ಮ ಬಸ್ ಯಾತ್ರೆ. ವಿಜಯನಗರ, ಬನಶಂಕರಿ, ಮಲ್ಲೇಶ್ವರ, ಒಂದೊಂದು ದಿನ ಒಂದೊಂದು ಕಡೆ. ಇಳಿದ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸರ ಪಕ್ಕ ಮೇಡಂ ಕೂರುವುದು, ತರಕಾರಿಯ ಮಾತೆತ್ತುವುದು, ಆಮೇಲೆ ಮೆಲ್ಲಗೆ ಕೇಳುವುದು: "ನಿಮ್ಮನೆ ಮಿಕ್ಸಿ ಕೆಟ್ಟೋದ್ರೆ ಫೋನಲ್ಲಿ ಏನಂತ ಹುಡುಕ್ತೀರಿ? ಸ್ವಲ್ಪ ಹುಡುಕಿ ತೋರಿಸ್ತೀರಾ?" ಕಾಟನ್ ಸೀರೆ, ನರೆತ ಕೂದಲು, ಟೀಚರ್ ದನಿ. ಯಾರೂ ಇಲ್ಲವೆನ್ನುತ್ತಿರಲಿಲ್ಲ. ನಾನು ಕೇಳಿದರೆ ಮಾತ್ರ ಪರ್ಸು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ನನ್ನಿಂದಲೂ ಒಂದು ಉಪಕಾರವಾಯಿತು ಎಂದು ಹೇಳಿಕೊಳ್ಳುತ್ತೇನೆ. ಬರಿಗೈಯಲ್ಲಿ ಕೇಳಬಾರದು, ಏನಾದರೂ ಕೊಟ್ಟು ಕೇಳಬೇಕು. ಇದು ಕರಪತ್ರದ ಕಾಲದಿಂದ ನಾನು ಕಲಿತದ್ದು, ಅಂಗಡಿ ಇಟ್ಟವರೆಲ್ಲ ನೆನಪಿಟ್ಟುಕೊಳ್ಳಿ. ರಿಪೇರಿಯವರ ಹತ್ತಿರ ಮಿಕ್ಸಿ ಜಾರಿನ ಮುಚ್ಚಳಕ್ಕೆ ಹಾಕುವ ರಬ್ಬರ್ ವಾಷರುಗಳನ್ನು ಒಂದು ಚೀಲ ಇಸಿದುಕೊಂಡೆ. ಹುಡುಕಿ ತೋರಿಸಿದವರಿಗೆ ಒಂದು ವಾಷರ್. ವಾಷರ್ ಸಡಿಲವಾಗದ ಮನೆ ಬೆಂಗಳೂರಿನಲ್ಲಿಲ್ಲ. ತಗೊಂಡವರ ಮುಖದಲ್ಲಿ ಬೆಳ್ಳಿ ಲೋಟ ಸಿಕ್ಕಷ್ಟು ಖುಷಿ.

ಅಷ್ಟಕ್ಕೇ ಬಿಡದೆ, "ಇದೇ ವಾಷರ್ ಕೊಟ್ಟು ಐದು ಸ್ಟಾರ್ ಹಾಕಿಸ್ಕೊಂಡ್ಬಿಡೋಣ ಮೇಡಂ, ಒಳ್ಳೆ ಮಾತೂ ಬರೆಸೋಣ" ಎಂದೆ.

"ಮಿಕ್ಸಿನೇ ಕೊಡದೋರು ರಿಪೇರಿ ಚೆನ್ನಾಗಿದೆ ಅಂತ ಬರೀಬೇಕಾ? ಹುಡುಕೋಕೆ ವಾಷರ್ ಕೊಡು. ಹೊಗಳೋಕೆ ಕೊಡ್ಬೇಡ."

"ಎಲ್ಲಾರೂ ಮಾಡ್ತಾರೆ ಮೇಡಂ."

"ಎಲ್ಲಾರ ಅಂಗಡಿನೂ ಒಟ್ಟಿಗೆ ಹೋದಾಗ ನೀನು ಅವ್ರ ಜೊತೆ ಕೂತು ಅಳು. ಇವ್ರದ್ದು ಒಂದೇ ಅಂಗಡಿ."

ಆ ವಾದದಲ್ಲಿ ನಾನು ಒಪ್ಪಿದ್ದು ಧರ್ಮಕ್ಕೆ ಹೆದರಿ ಅಲ್ಲ. ಕೊಂಡ ಹೊಗಳಿಕೆ ಸಿಕ್ಕಿಬಿದ್ದರೆ ಅಂಗಡಿಯೇ ನಕಾಶೆಯಿಂದ ಮಾಯವಾಗುವುದನ್ನು ಬೇರೆಯವರ ವಿಷಯದಲ್ಲಿ ಕಂಡಿದ್ದೆ. ದೀಪಾವಳಿ ಹತ್ತಿರವಿತ್ತು, ಮಾಯವಾದರೆ ಮತ್ತೆ ತರಿಸಲು ವೇಳೆಯಿರಲಿಲ್ಲ.

ಬಸ್ ನಿಲ್ದಾಣಗಳಲ್ಲಿ ನಮಗೆ ಗೊತ್ತಾದ ಮೊದಲ ಸಂಗತಿ, 'ಬೆಂಗಳೂರಿನಲ್ಲಿ ಅತ್ಯುತ್ತಮ ಮಿಕ್ಸಿ ರಿಪೇರಿ' ಎಂದು ನಮ್ಮನ್ನು ಬಿಟ್ಟರೆ ಯಾರೂ ಹುಡುಕುವುದಿಲ್ಲ. ಮಿಕ್ಸಿ ಕೆಟ್ಟ ಮನೆಯಾಕೆಗೆ ಅಂಗಡಿ ಬೇಕಿಲ್ಲ, ಚಟ್ನಿ ಬೇಕು. ವಿಜಯನಗರದಲ್ಲಿ ಒಬ್ಬರು ಫೋನನ್ನು ಬಾಯಿಯ ಹತ್ತಿರ ಹಿಡಿದು, "ಮಿಕ್ಸಿ ತಿರುಗ್ತಿಲ್ಲ, ಬರೀ ಗುಂಯ್ ಅಂತಿದೆ" ಎಂದು ಗಂಡನಿಗೆ ಹೇಳಿದ ಹಾಗೆ ದೂರು ಹೇಳಿದರು. ಇನ್ನೊಬ್ಬರು, "ಮಿಕ್ಸಿಲಿ ಸುಟ್ಟ ವಾಸನೆ ಬರ್ತಿದೆ ಏನ್ಮಾಡ್ಲಿ" ಎಂದರು. ಮಲ್ಲೇಶ್ವರದಲ್ಲಿ ಒಬ್ಬ ಅಜ್ಜಿ, "ಜಾರು ಅಡಿಯಿಂದ ಸೋರುತ್ತೆ ಕಣೇ" ಎಂದು ಫೋನನ್ನೇ ಗದರಿದರು. ಇವಕ್ಕೆಲ್ಲ ಬಂದ ಉತ್ತರಗಳು ಎಲ್ಲೋ ದೂರದ ಇಂಗ್ಲಿಷಿನವು, ಇಲ್ಲವೇ ಹೊಸ ಮಿಕ್ಸಿಯ ಜಾಹೀರಾತು.

ಮೇಡಂ ಬಸ್ಸಿನಲ್ಲಿ ವಾಪಸು ಬರುವಾಗಲೇ ತೊಡೆಯ ಮೇಲೆ ಬೆರಳಾಡಿಸುತ್ತಾ ಟೈಪ್ ಮಾಡುತ್ತಿದ್ದರು. ಆ ವಾರವೇ ಹಳೆಯ ಪುಟ ಕಿತ್ತುಹಾಕಿದರು. ರಿಪೇರಿಯವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, ಒಂದೊಂದು ದೂರಿಗೂ ಏನು ಮಾಡಬೇಕೆಂದು ಕೇಳಿ ಕೇಳಿ, ಒಂದೊಂದು ಪುಟ ಬರೆದರು. ಸುಟ್ಟ ವಾಸನೆಯ ಪುಟ ಹೀಗಿತ್ತು: 'ಮೊದಲು ಪ್ಲಗ್ ತೆಗೆಯಿರಿ. ಗಾಬರಿ ಬೇಡ. ಮಿಕ್ಸಿಯ ಅಡಿಯಲ್ಲಿ ಕೆಂಪು ಗುಂಡಿ ಇದೆ, ಹೊರಗೆ ಬಂದಿದೆಯೇ ನೋಡಿ. ಒಂದು ಲೋಟ ಕಾಫಿ ಕುಡಿದು ಬನ್ನಿ, ಅಷ್ಟರಲ್ಲಿ ಮೋಟರು ತಣ್ಣಗಾಗಿರುತ್ತದೆ. ಗುಂಡಿ ಒತ್ತಿ. ತಿರುಗಿದರೆ ನೀವು ನಮ್ಮಲ್ಲಿಗೆ ಬರಬೇಕಾಗಿಲ್ಲ. ತಿರುಗದಿದ್ದರೆ ಹಿಟ್ಟಿನ ಗಿರಣಿಯ ಹಿಂದೆ ಬನ್ನಿ.'

ಓದಿ ನನಗೆ ತಲೆ ಬಿಸಿಯಾಯಿತು. "ಮೇಡಂ, ಬರಬೇಕಾಗಿಲ್ಲ ಅಂತ ಯಾವ ಅಂಗಡಿಯೋರು ಬರೀತಾರೆ?"

ಪೋಸ್ಟರ್ ಅಣ್ಣ ಅಂತೂ ಹಣೆ ಚಚ್ಚಿಕೊಂಡರು. "ಪೋಸ್ಟರ್ ಮೇಲೆ ಕಥೆ ಪೂರ್ತಿ ಬರೆದ್ರೆ ಥಿಯೇಟರಿಗೆ ಯಾರು ಬರ್ತಾರೆ? ಕೊನೆ ರೀಲು ಬಚ್ಚಿಡಿ ಮೇಡಂ."

"ಕಾಫಿ ಬದ್ಲು ಅರ್ಧ ಗಂಟೆ ಅಂತಾದ್ರೂ ಬರೀರಿ" ಎಂದೆ.

"ಅರ್ಧ ಗಂಟೆ ಕಾಯಿ ಅಂದ್ರೆ ಯಾರೂ ಕಾಯಲ್ಲ. ಕಾಫಿ ಕುಡಿ ಅಂದ್ರೆ ಕಾಯ್ತಾರೆ."

ಗಂಡನಿಗೂ ಅಳುಕು. ಬರುತ್ತಿದ್ದ ಒಬ್ಬಿಬ್ಬರೂ ಗುಂಡಿ ಒತ್ತಿಕೊಂಡು ಮನೆಯಲ್ಲೇ ಉಳಿದರೆ? ಎಲ್ಲರೂ ಹೆಂಡತಿಯ ಕಡೆ ನೋಡಿದೆವು. ಆಕೆ ತಂತಿ ಸುತ್ತುವುದನ್ನು ನಿಲ್ಲಿಸದೆ, "ಗುಂಡಿ ಒತ್ತೋಕೆ ನಾನು ಯಾರತ್ರನೂ ಕಾಸು ತಗೊಂಡಿಲ್ಲ. ಅಂಗಡಿಗೆ ಬಂದೋರಿಗೆ ಏನು ಹೇಳ್ತೀನೋ ಅದೇ ಅಲ್ಲೂ ಇರ್ಲಿ ಬಿಡಿ" ಎಂದರು. ಅಲ್ಲಿಗೆ ಮುಗಿಯಿತು.

ದೀಪಾವಳಿ ಹತ್ತಿರ ಬರುತ್ತಿತ್ತು. ಒಂದು ಮಧ್ಯಾಹ್ನ ನಾನೂ ಮೇಡಂ ಇಬ್ಬರೂ ಅಂಗಡಿಯಲ್ಲೇ ಇದ್ದಾಗ ಫೋನ್ ಬಡಿದುಕೊಂಡಿತು. ಗಂಡ ಸ್ಪೀಕರಿಗೆ ಹಾಕಿದರು. ಯಾರೋ ಹೆಂಗಸು, ರಾಜಾಜಿನಗರದಿಂದ. "ನೀವು ಬರೆದ ಹಾಗೆ ಕಾಫಿ ಕುಡಿದು ಗುಂಡಿ ಒತ್ತಿದೆ, ತಿರುಗ್ತು. ಹೇಳಣ ಅಂತ ಫೋನ್ ಮಾಡ್ದೆ" ಎಂದು ಇಟ್ಟುಬಿಟ್ಟರು. ರಿಪೇರಿ ಇಲ್ಲ, ಕಾಸಿಲ್ಲ, ಒಂದು ಥ್ಯಾಂಕ್ಸು.

"ಹೊಡೀತು ನೋಡಿ ಲಾಟರಿ" ಎಂದೆ ನಾನು.

ಮೇಡಂ ಮಾತ್ರ ಕುರ್ಚಿಯಿಂದ ಎದ್ದು ನಿಂತಿದ್ದರು. "ಬಂತು" ಎಂದರು.

"ಏನ್ ಮೇಡಂ ಬಂದಿದ್ದು? ಕೆಲಸವೇ ಬರಲಿಲ್ಲ."

"ಯಾರ ಫೋನಲ್ಲಿ ಬಂತು ನೋಡು. ಅವ್ರ್ಯಾರು ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಅದೇ ಹೆಂಗಸು ಮೂರನೆಯ ದಿನ ಆಟೋದಲ್ಲಿ ಬಂದರು. ತೊಡೆಯ ಮೇಲೆ ಒಂದು ಸೋರುವ ಜಾರು, ಕಾಲ ಹತ್ತಿರ ಅತ್ತೆಮನೆಯ ಗ್ರೈಂಡರು, ಪಕ್ಕದಲ್ಲಿ ಎದುರುಮನೆಯವರೂ ಅವರ ಸುಟ್ಟ ಮಿಕ್ಸಿಯೂ. "ಬರಬೇಡಿ ಅಂತ ಬರೆದಿದ್ರಲ್ಲ, ಅದಕ್ಕೇ ಧೈರ್ಯವಾಗಿ ಬಂದ್ವಿ" ಎಂದರು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಹಬ್ಬದ ಮುಂದಿನ ದಿನಗಳಲ್ಲಿ ಗಿರಣಿಗೆ ಹಿಟ್ಟು ಬೀಸಿಸಲು ಬಂದವರಿಗೂ ಮಿಕ್ಸಿ ಹಿಡಿದು ನಿಂತವರಿಗೂ ಓಣಿಯಲ್ಲಿ ಜಾಗದ ಜಗಳ ಶುರುವಾಯಿತು.

ಶೋರೂಮಿನವರು ಉತ್ತರ ಕೇಳಲು ಒಬ್ಬನನ್ನು ಕಳಿಸಿದಾಗ ಗಂಡನಿಗೆ ತಲೆಯೆತ್ತಲೂ ಬಿಡುವಿರಲಿಲ್ಲ. ಹೆಂಡತಿಯೇ ಹೇಳಿದರು: "ಇವ್ರನ್ನ ಕಳಿಸೋಕಾಗಲ್ಲಪ್ಪ. ನನ್ನ ಕೈಕೆಳಗೆ ಕೆಲ್ಸ ಜಾಸ್ತಿ ಇದೆ." ಗಂಡ ತಲೆಯೆತ್ತದೆಯೇ ಹೌದೆಂದರು.

ಮುಂದಿನ ಭಾನುವಾರ ಕೇಸರಿಬಾತ್ ಕೊಡಿಸಿದ್ದು ಪೋಸ್ಟರ್ ಅಣ್ಣ. ಸೋಲೊಪ್ಪಲಿಲ್ಲ. "ನನ್ನ ಗೋಡೆಗಳೂ ಸ್ವಲ್ಪ ಸಹಾಯ ಮಾಡಿವೆ ಅಂತ ಕೊಡಿಸ್ತಿದೀನಿ" ಎಂದರು. ಇರಬಹುದು. ನಮ್ಮ ಕಸುಬಿನಲ್ಲಿ ಯಾವುದರಿಂದ ಏನಾಯಿತೆಂದು ಎದೆ ಮುಟ್ಟಿ ಹೇಳುವವರನ್ನು ನಾನು ನಂಬುವುದಿಲ್ಲ. ಮೇಡಂ ಕೂಡ ಹಾಗೆ ಹೇಳಲಿಲ್ಲ, ಬಡಿಸಿದ್ದನ್ನು ತಿಂದರು.

ಅಲ್ಲಿಂದ ಮುಂದೆ ಕೂಟಕ್ಕೆ ಹೊಸ ಕಟ್ಟಳೆ ಬಂತು. ಯಾರಾದರೂ ಮೊದಲನೇ ಸ್ಥಾನ ಎಂದು ಬಾಯಿ ತೆಗೆದರೆ ಮೇಡಂ ಕಾಫಿ ಲೋಟದ ಮೇಲಿಂದ ನೋಡಿ, "ಯಾರ ಫೋನಲ್ಲಿ?" ಎನ್ನುತ್ತಿದ್ದರು. ತನ್ನದರಲ್ಲಿ ಎಂದರೆ ಲೆಕ್ಕಕ್ಕಿಲ್ಲ. ಹೋಟೆಲಿಗೆ ಬಂದ ಅಪರಿಚಿತರ ಫೋನಿನಲ್ಲಿ ಕಾಣಿಸಬೇಕು. ಎಷ್ಟೋ ಜನ ನಡುವಯಸ್ಸಿನವರು ನಮ್ಮ ದೆಸೆಯಿಂದ ದೋಸೆ ಬಿಟ್ಟು ಟೈಲ್ಸ್, ಟ್ಯೂಷನ್, ನಾಯಿ ಡಾಕ್ಟರ್ ಎಂದೆಲ್ಲ ಹುಡುಕಿಕೊಟ್ಟಿದ್ದಾರೆ. ನಾನೂ ಗಿರಾಕಿಗಳ ಕೆಲಸಕ್ಕೆ ಹೊರಗೆ ಹೋದಾಗಲೆಲ್ಲ ಅಪರಿಚಿತರಿಂದ ಹುಡುಕಿಸಿ, ಮೇಡಂಗೆ ಫೋನ್ ಮಾಡಿ, "ಬಂತು ಮೇಡಂ" ಎನ್ನುವುದು ರೂಢಿಯಾಯಿತು.

ಕೊನೆಗೆ ಕಾಯಿಲೆ ಬಿದ್ದಾಗಲೂ ಅವರು ಬಿಡಲಿಲ್ಲ. ಆಸ್ಪತ್ರೆಗೆ ನೋಡಲು ಹೋದರೆ, ನರ್ಸಮ್ಮನ ಕೈಲಿ ಗುಂಯ್ ಎನ್ನುವ ಮಿಕ್ಸಿಯನ್ನು ಹುಡುಕಿಸುತ್ತಾ ಮಲಗಿದ್ದರು. "ಎರಡನೇದಕ್ಕೆ ಬಂತು ಕಣಪ್ಪಾ. ಯಾರೋ ಮೇಲೆ ಹತ್ತಿದಾರೆ, ಹೋಗಿ ನೋಡು" ಎಂದರು. ನೋಡಿ ಹೇಳುವಷ್ಟರಲ್ಲಿ...

ಮಹಡಿಯಲ್ಲಿ ಈಗ ಹುಡುಗಿಯರ ಪಿಜಿ ಇದೆ. ಕೆಳಗೆ ಪ್ರೆಸ್ಸೂ ಇಲ್ಲ. ಮೆಷಿನ್ ಎಣ್ಣೆಯ ಆ ಟವೆಲ್ ಒಂದನ್ನು ನಾನು ಕೇಳಿ ತಂದಿಟ್ಟುಕೊಂಡಿದ್ದೇನೆ. ಹೆಂಡತಿ ತೊಳೆಯಲು ಎರಡು ಸಲ ಹೊರಟಳು, ಬಿಡಲಿಲ್ಲ.

ಕಾಲ ಮತ್ತೆ ತಿರುಗಿದೆ. ಈಗ ಏನಾದರೂ ಕೇಳಿದರೆ ಸರ್ಚು ಪಟ್ಟಿ ಕೊಡುವ ಮೊದಲು ತಾನೇ ಉತ್ತರ ಹೇಳಿಬಿಡುತ್ತದೆ. ನೂರಾರು ಪುಟ ಓದಿ, ಅರೆದು, ಚಟ್ನಿ ಮಾಡಿ ಬಡಿಸುತ್ತದೆ. ಜನ ಒತ್ತಿ ಒಳಗೆ ಬರುವುದೇ ಕಡಿಮೆ. ಭಾನುವಾರದ ಜಗಳವೆಲ್ಲ ಈಗ ಇದರದ್ದೇ. ಪೋಸ್ಟರ್ ಅಣ್ಣನಿಗೆ ವಯಸ್ಸಾಗಿದೆ, ಮಾತಿಗಲ್ಲ. "ಗೋಡೆನೇ ಮಾತಾಡೋಕೆ ಶುರು ಮಾಡಿದ್ರೆ ಪೋಸ್ಟರ್ ಅಂಟಿಸೋದು ಎಲ್ಲಿಗೆ ಗುರು?" ಎಂದು ಕೇಳುತ್ತಾರೆ. ಮೇಡಂ ಇದ್ದಿದ್ದರೆ ಏನೋ ಒಂದು ಹೇಳಿ ಅವರ ಬಾಯಿ ಮುಚ್ಚಿಸುತ್ತಿದ್ದರು. ನಾನು ಅವರಿಗೆ ಇನ್ನೊಂದು ಕಾಫಿ ತರಿಸುತ್ತೇನೆ.

ಮೊನ್ನೆ ಚಟ್ನಿ ತಿಂದು ಮುಗಿಸಿದ ಮೇಲೆ ಮನಸ್ಸು ತಡೆಯಲಿಲ್ಲ. ನನ್ನ ಫೋನನ್ನು ಜೇಬಿನಲ್ಲೇ ಬಿಟ್ಟು ಗಾಂಧಿ ಬಜಾರಿನ ಹತ್ತಿರದ ಬಸ್ ನಿಲ್ದಾಣಕ್ಕೆ ಹೋದೆ. ಸೊಪ್ಪಿನ ಚೀಲ ಹಿಡಿದ ಒಬ್ಬ ಹೆಂಗಸು ಕೂತಿದ್ದರು. ನಮಸ್ಕಾರ ಮಾಡಿ ಕೇಳಿದೆ.

"ಓಟಿಪಿ ಗೀಟಿಪಿ ಕೇಳಲ್ಲ ತಾನೇ?" ಎಂದರು.

"ಇಲ್ಲಮ್ಮ, ಫೋನ್ ನಿಮ್ಮ ಕೈಯಲ್ಲೇ ಇರ್ಲಿ. ಮಿಕ್ಸಿಲಿ ಸುಟ್ಟ ವಾಸನೆ ಬಂದ್ರೆ ಏನ್ಮಾಡ್ಬೇಕು ಅಂತ ಕೇಳಿ, ಸಾಕು."

ಅನುಮಾನದಿಂದಲೇ ಕೇಳಿದರು. ಫೋನು ತನ್ನ ಒಣ ದನಿಯಲ್ಲಿ ಓದತೊಡಗಿತು. ಪ್ಲಗ್ ತೆಗೆಯಿರಿ. ಗಾಬರಿ ಬೇಡ. ಅಡಿಯಲ್ಲಿರುವ ಕೆಂಪು ಗುಂಡಿ ನೋಡಿ. ಒಂದು ಲೋಟ ಕಾಫಿ ಕುಡಿದು ಬನ್ನಿ, ಅಷ್ಟರಲ್ಲಿ ಮೋಟರು ತಣ್ಣಗಾಗಿರುತ್ತದೆ...

ಆಕೆ ಜೋರಾಗಿ ನಕ್ಕುಬಿಟ್ಟರು. "ಕಾಫಿ ಕುಡೀರಿ ಅಂತಿದೆಯಲ್ರೀ ಇದು. ಯಾರೋ ಚೆನ್ನಾಗಿ ಅಡುಗೆ ಮಾಡೋರೇ ಹೇಳ್ಕೊಟ್ಟಿರ್ಬೇಕು."

"ಅಡುಗೆ ಬರ್ತಿರಲಿಲ್ಲಮ್ಮ ಅವ್ರಿಗೆ" ಎಂದೆ.

ಕೆಳಗೆ ಸಣ್ಣ ಅಕ್ಷರದಲ್ಲಿ ರಿಪೇರಿ ಅಂಗಡಿಯ ಹೆಸರಿತ್ತು. ಬರೆದವರ ಹೆಸರು ಇರಲಿಲ್ಲ. ಮೊದಲೂ ಇರಲಿಲ್ಲ. ಜೇಬಿನಿಂದ ಒಂದು ವಾಷರ್ ತೆಗೆದು ಆಕೆಗೆ ಕೊಟ್ಟೆ. ನನ್ನ ಜೇಬಿನಲ್ಲಿ ಈಗಲೂ ಒಂದೆರಡು ಇರುತ್ತವೆ. ತಿರುಗಿಸಿ ನೋಡಿ, "ನಮ್ಮ ಜಾರಿಗೆ ಸರಿಯಾಗುತ್ತೆ" ಎಂದು ಸೊಪ್ಪಿನ ಚೀಲಕ್ಕೆ ಹಾಕಿಕೊಂಡರು. ಅಷ್ಟರಲ್ಲಿ ಅವರ ಬಸ್ಸು ಬಂತು.

ಬಸ್ಸು ಹೊರಟ ಮೇಲೆ ನನ್ನ ಕೈ ತಾನಾಗಿಯೇ ಫೋನ್ ತೆಗೆಯಿತು. ಬಂತು ಮೇಡಂ ಎಂದು ಹೇಳಬೇಕಿತ್ತು. ಅವರ ನಂಬರ್ ಇನ್ನೂ ಅಳಿಸಿಲ್ಲ. ಆ ಕಡೆಯಿಂದ ಏನು ಕೇಳುತ್ತಿದ್ದರೆಂದು ಗೊತ್ತು, ಉತ್ತರವೂ ನನ್ನ ಹತ್ತಿರ ಸಿದ್ಧವಿತ್ತು.

ಗುರುತಿಲ್ಲದವರ ಫೋನಲ್ಲಿ, ಮೇಡಂ.